ಉಂಡ ಅನ್ನದ ನೆನಪು

ಆಹಾರವನ್ನು ಕುರಿತ ಮಾತು ನಮ್ಮ ಶಾಸ್ತ್ರಕಾರರ ದೃಷ್ಟಿಯಲ್ಲಿ ಅಷ್ಟು ನಿರಪಾಯವಾದುದಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಎಣಿಸಿರುವ ಹದಿನೈದು ಪ್ರಮಾದಗಳಲ್ಲಿ ನಾಲ್ಕು ವಿಕಥೆಗಳು ಮೊದಲು ಬರುತ್ತವೆ. ಆ ನಾಲ್ಕರಲ್ಲಿ ಭಕ್ತಕಥೆ, ಎಂದರೆ ಊಟತಿಂಡಿಗಳ ಹರಟೆ, ಒಂದು. ಉಣ್ಣುವುದು ಶರೀರದ ಅವಶ್ಯಕತೆ. ಉಂಡುದನ್ನು ಮಾತಿನಲ್ಲಿ ಮತ್ತೆ ಉಣ್ಣುವುದಕ್ಕೆ ಅಂಥ ಅವಶ್ಯಕತೆಯೇನೂ ಇಲ್ಲ. ಪರ್ವದ ದಿನ ಉಪವಾಸವಿರುವವರ ನಡುವೆ ಸಂಜೆಯ ಹೊತ್ತಿಗೆ ಮಾತು ಸುತ್ತಿಬಳಸಿ ಮರುದಿನದ ಪಾರಣೆಯ ಕಡೆಗೇ ಹರಿಯುವುದನ್ನು ಕಂಡವರಿಗೆ ಈ ಎಚ್ಚರಿಕೆಯ ಔಚಿತ್ಯ ತಿಳಿಯದಿರದು. ಹೊಟ್ಟೆ ಬರಿದಾಗಿದ್ದರೂ ನಾಲಿಗೆ ಸುಮ್ಮನಿರುವುದಿಲ್ಲ.

ಮಾತಿಗಿಂತಲೂ ಸೂಕ್ಷ್ಮವಾದುದು ನೆನಪು. ಮಾತನ್ನು ಮೌನದಿಂದ ತಡೆಯಬಹುದು. ನೆನಪು ಮೌನದಲ್ಲಿಯೇ ಬಲಿಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ಮಿತ್ರಾನುರಾಗವನ್ನೂ ಸುಖಾನುಬಂಧವನ್ನೂ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇರಿಸಿದ್ದಾರೆ. ಹಿಂದಿನ ಗೆಳೆಯರ ಮೇಲಣ ಮಮತೆ ಮೊದಲನೆಯದು. ಹಿಂದೆ ಅನುಭವಿಸಿದ ಸುಖವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ತಂದುಕೊಳ್ಳುವುದು ಎರಡನೆಯದು. ಈ ಎರಡೂ ಬೆರೆತು ಬರುವ ಸಂದರ್ಭವೊಂದುಂಟು. ಅದು ಎಳೆಯ ವಯಸ್ಸಿನಲ್ಲಿ ಜೊತೆಗಾರರೊಡನೆ ಕುಳಿತು ಉಂಡ ಊಟದ ನೆನಪು. ಅಂಥ ನೆನಪೆಲ್ಲವೂ ರಸನೇಂದ್ರಿಯದ ಕೆಲಸವೇ? ಅಥವಾ ಅದರೊಳಗೆ ನಾಲಿಗೆಗೆ ಸಂಬಂಧಿಸದ, ಶ್ರಾವಕನು ಕಾಪಾಡಿಕೊಳ್ಳಬೇಕಾದ ಏನಾದರೂ ಉಂಟೆ? ಎಲ್ಲವೂ ತ್ಯಾಜ್ಯವೆಂದರೆ ಉಣಬಡಿಸಿದವರ ಉಪಕಾರವನ್ನು ನೆನೆಯುವುದೂ ದೋಷವಾದೀತು. ಎಲ್ಲವೂ ಗ್ರಾಹ್ಯವೆಂದರೆ ಭಕ್ತಕಥೆಗೆ ಮನೆಯ ಹೆಬ್ಬಾಗಿಲನ್ನೇ ತೆರೆದಿಟ್ಟಂತಾದೀತು.

ಈ ಪ್ರಶ್ನೆಯನ್ನು ನಮ್ಮ ಮನೆಗಳ ಉದಾಹರಣೆಯಿಂದ ವಿವೇಚಿಸಹೊರಟರೆ ತಾಯಿಯ ಕೈಯಡುಗೆ, ಅಜ್ಜಿಯ ಹೋಳಿಗೆ ಮೊದಲಾದವು ಅಡ್ಡಬಂದು ತೀರ್ಮಾನ ಒಂದು ಕಡೆಗೆ ವಾಲುತ್ತದೆ. ನಮ್ಮ ಅಭಿಮಾನಕ್ಕೆ ಆಸ್ಪದವಿಲ್ಲದ, ನಮ್ಮ ಆಚಾರಕ್ಕೂ ಹೊರಗಾದ ಒಂದು ಉದಾಹರಣೆ ದೊರೆತರೆ ವಿಚಾರ ನಿಷ್ಪಕ್ಷಪಾತವಾಗಿ ಸಾಗಬಹುದು. ಅದಕ್ಕಾಗಿ ಅಮೆರಿಕದ ‘ಡ್ರಮ್ ಮತ್ತು ಬ್ಯೂಗಲ್ ಕೋರ್’ ಎಂಬ ತರುಣರ ವಾದ್ಯದಳಗಳನ್ನು ಆರಿಸಿಕೊಂಡಿದ್ದೇನೆ. ಈ ದಳಗಳಲ್ಲಿದ್ದು ಬಂದವರು ಮುಂದೆ ಎಷ್ಟೋ ವರ್ಷಗಳ ಮೇಲೆ ಕಲೆತಾಗ ಗೆದ್ದ ಸ್ಪರ್ಧೆಗಳ ಮಾತಿನಷ್ಟೇ ಪ್ರವಾಸದಲ್ಲಿ ಉಂಡ ಊಟದ ಮಾತನ್ನೂ ಆಡುತ್ತಾರೆ. ಆ ಊಟವಾದರೋ ಹೊಗಳಿಕೊಳ್ಳುವಂಥದೇನೂ ಆಗಿರಲಿಲ್ಲ. ಹೊಗಳಲು ಕಾರಣವಿಲ್ಲದ ಊಟವನ್ನು ಮನುಷ್ಯನು ನಲವತ್ತು ವರ್ಷ ಮರೆಯದಿರುವುದೇಕೆ?

ಮೊದಲು ಈ ದಳಗಳ ಸ್ವರೂಪವನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಪೊಲೀಸ್ ಬ್ಯಾಂಡನ್ನು ಕಂಡವರು ಅದರ ಒಂದು ಸ್ಥೂಲವಾದ ಕಲ್ಪನೆಯನ್ನು ಮಾಡಿಕೊಳ್ಳಬಹುದು. ಕ್ಲಾರಿನೆಟ್, ಕೊಳಲುಗಳಂಥ ವಾದ್ಯಗಳು ಇದರಲ್ಲಿಲ್ಲ. ಹಿತ್ತಾಳೆಯ ತುತೂರಿಗಳು, ಬಗೆಬಗೆಯ ನಗಾರಿಗಳು, ಜೊತೆಗೆ ಬಾವುಟಗಳನ್ನೂ ಮರದ ಬಂದೂಕುಗಳನ್ನೂ ಎಸೆದು ಹಿಡಿಯುವ ಒಂದು ಪಂಗಡ. ಮೊದಲನೆಯ ಮಹಾಯುದ್ಧದಿಂದ ಮನೆಗೆ ಮರಳಿದ ಸೈನಿಕರು ೧೯೧೯ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘವನ್ನು ಕಟ್ಟಿಕೊಂಡರು. ಅದರ ಊರೂರ ಶಾಖೆಗಳೂ, ಬೇರೆ ಮಾಜಿ ಸೈನಿಕ ಸಂಘಗಳೂ, ಚರ್ಚುಗಳೂ, ಸ್ಕೌಟ್ ದಳಗಳೂ ಊರ ಹುಡುಗರಿಗಾಗಿ ಇಂಥ ವಾದ್ಯದಳಗಳನ್ನು ನಡೆಸಿದವು. ವಿಸ್ಕಾನ್ಸಿನ್‌ನ ಮ್ಯಾಡಿಸನ್ ಸ್ಕೌಟ್ಸ್ ೧೯೩೮ರಲ್ಲಿಯೂ, ವಯೋಮಿಂಗ್ ರಾಜ್ಯದ ಕ್ಯಾಸ್ಪರ್ ಎಂಬ ಊರಿನ ಟ್ರೂಪರ್ಸ್ ೧೯೫೭ರಲ್ಲಿಯೂ, ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾ ವ್ಯಾನ್‌ಗಾರ್ಡ್ ೧೯೬೭ರಲ್ಲಿಯೂ ಹುಟ್ಟಿದವು. ಆಮೇಲೆ ದಳಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿಕೊಂಡವು; ಅದರ ಮೊದಲ ಚಾಂಪಿಯನ್‌ಷಿಪ್ ಸ್ಪರ್ಧೆ ೧೯೭೨ರ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ನಡೆಯಿತು. ಗೆದ್ದವರು ಕ್ಯಾಲಿಫೋರ್ನಿಯದ ಅನಾಹೈಮ್ ಕಿಂಗ್ಸ್‌ಮೆನ್.

ಒಂದು ದಳದಲ್ಲಿ ಆ ಕಾಲಕ್ಕೆ ಹೆಚ್ಚೆಂದರೆ ೧೨೮ ಮಂದಿ. ಈಗ ಆ ಮಿತಿ ನೂರೈವತ್ತನ್ನು ದಾಟಿದೆ. ಇಪ್ಪತ್ತೊಂದು ಇಪ್ಪತ್ತೆರಡನೆಯ ವಯಸ್ಸಿಗೆ ಸದಸ್ಯತ್ವ ಮುಗಿಯುತ್ತದೆ. ಆಮೇಲೆ ಎಷ್ಟೇ ಆಸೆಯಿದ್ದರೂ ಸಾಲಿನಲ್ಲಿ ನಿಲ್ಲುವಂತಿಲ್ಲ. ಮೇ ತಿಂಗಳ ಕೊನೆಯಲ್ಲಿ ಅಭ್ಯಾಸಕ್ಕೆ ಸೇರಿದವರು ಜೂನ್ ನಡುವಿನಿಂದ ಆಗಸ್ಟ್‌ನ ಎರಡನೆಯ ವಾರದವರೆಗೆ ಬಸ್ಸುಗಳಲ್ಲಿ ದೇಶ ತಿರುಗುತ್ತಾರೆ. ಸಂಜೆ ಒಂದು ಊರಿನ ಕ್ರೀಡಾಂಗಣದಲ್ಲಿ ಹನ್ನೊಂದು ಹನ್ನೆರಡು ನಿಮಿಷದ ಒಂದೇ ಪ್ರದರ್ಶನ. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತೇ ನಿದ್ರೆ. ಬೆಳಗಿನ ಜಾವ ಮತ್ತೊಂದು ಊರಿನ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ಹಾಸಿಕೊಂಡು ಇನ್ನೆರಡು ಮೂರು ಗಂಟೆಯ ನಿದ್ರೆ. ಎದ್ದೊಡನೆ ಬಯಲಿನಲ್ಲಿ ಅಭ್ಯಾಸ. ಪ್ರದರ್ಶನವಿಲ್ಲದ ದಿನ ಈ ಅಭ್ಯಾಸ ಹತ್ತು ಹನ್ನೆರಡು ಗಂಟೆ ನಡೆಯುವುದುಂಟು. ಹೆಗಲ ಮೇಲೆ ಹತ್ತು ಕಿಲೋಗ್ರಾಂಗೂ ಮಿಕ್ಕ ತೂಕದ ದೊಡ್ಡ ತುತೂರಿಯನ್ನು ಹೊತ್ತು, ಜುಲೈ ತಿಂಗಳ ಬಿಸಿಲಿನಲ್ಲಿ, ಒಂದೇ ಎಂಟು ಹೆಜ್ಜೆಗಳನ್ನು ಮತ್ತೆ ಮತ್ತೆ ಹಾಕಬೇಕು. ಕೈಯಲ್ಲಿ ದೊಡ್ಡದೊಂದು ನೀರಿನ ಜಗ್ಗು ಇಲ್ಲದೆ ಮೈದಾನಕ್ಕೆ ಬರುವಂತಿಲ್ಲವೆಂಬುದು ಎಲ್ಲ ದಳಗಳ ಕಟ್ಟಳೆ.

ಇಷ್ಟು ಮಂದಿಗೆ, ಇಂಥ ದುಡಿಮೆಯ ನಡುವೆ, ಪ್ರತಿದಿನವೂ ಬೇರೆ ಬೇರೆ ಊರಿನಲ್ಲಿ ಊಟ ಹಾಕುವುದು ಹೇಗೆ? ಮೊದಮೊದಲು ಒಂದೊಂದು ಊರಿನಲ್ಲಿ ಒಂದೊಂದು ವ್ಯವಸ್ಥೆ. ಒಂದು ಕಡೆ ಚರ್ಚಿನ ಮಹಿಳೆಯರು ಅಟ್ಟು ಬಡಿಸುವರು. ಮತ್ತೊಂದು ಕಡೆ ಶಾಲೆಯ ಊಟದ ಮನೆ. ಏನೂ ಇಲ್ಲದ ಕಡೆ ಕೈಗೆ ಕೆಲವು ಡಾಲರ್ ಕೊಟ್ಟು ಹೆದ್ದಾರಿಯ ಹೋಟೆಲಿನ ಮುಂದೆ ಬಸ್ಸು ನಿಲ್ಲಿಸುವರು. ಬರಬರುತ್ತ ದಳಗಳು ತಮ್ಮವೇ ಅಡುಗೆ ಟ್ರಕ್ಕುಗಳನ್ನು ಮಾಡಿಕೊಂಡವು. ಸರಕು ಸಾಗಿಸುವ ಉದ್ದನೆಯ ಲಾರಿಯೊಂದರ ಒಡಲಲ್ಲಿ ಒಲೆಗಳು, ಶೀತಲಪೆಟ್ಟಿಗೆಗಳು, ಪಾತ್ರೆ ತೊಳೆಯುವ ತೊಟ್ಟಿಗಳು; ಪಕ್ಕದ ಗೋಡೆಯಲ್ಲಿ ಬಡಿಸುವ ಕಿಟಕಿ. ಅಡುಗೆ ಮಾಡುವವರು ಬಹುಮಟ್ಟಿಗೆ ಸದಸ್ಯರ ತಂದೆತಾಯಿಗಳು, ಹಿಂದೆ ಅದೇ ದಳದಲ್ಲಿದ್ದವರು. ತಮ್ಮ ಉದ್ಯೋಗದಲ್ಲಿ ದೊರೆಯುವ ವಾರ್ಷಿಕ ರಜೆಯ ಒಂದು ವಾರವನ್ನೋ ಎರಡು ವಾರಗಳನ್ನೋ ಈ ಲಾರಿಯ ಸೆಕೆಯಲ್ಲಿ ಕಳೆಯಲು ಬರುತ್ತಾರೆ. ದಿನಕ್ಕೆ ಮೂರು ಊಟ, ಪ್ರದರ್ಶನ ಮುಗಿದ ಮೇಲೆ ರಾತ್ರಿ ಒಂದು ಉಪಾಹಾರ. ಹೀಗೆ ನಾಲ್ಕು ಹೊತ್ತು.

ಏನನ್ನು ಉಣ್ಣುತ್ತಿದ್ದರು ಎಂಬುದನ್ನೂ ಹೇಳಿಬಿಡೋಣ; ವಿಚಾರಕ್ಕೆ ಅದು ಬೇಕು. ಬೆಳಗ್ಗೆ ಪ್ಯಾನ್‌ಕೇಕು, ಹಾಲಿನಲ್ಲಿ ನೆನೆಸಿದ ಕಾರ್ನ್‌ಫ್ಲೇಕ್ಸು. ಮಧ್ಯಾಹ್ನ ಬ್ರೆಡ್ಡಿನ ಹೋಳುಗಳ ನಡುವೆ ಏನನ್ನಾದರೂ ಇಟ್ಟ ಸ್ಯಾಂಡ್‌ವಿಚ್, ಪುಡಿ ಕಲಸಿದ ಬಣ್ಣದ ಪಾನಕ. ಸಂಜೆಗೆ ಸ್ಪಗೆಟಿ, ಟೊಮೆಟೊ ಸೂಪು, ಕಾವಲಿಯ ಮೇಲೆ ಸುಟ್ಟ ಚೀಸ್ ಬ್ರೆಡ್ಡು. ಇವುಗಳ ಜೊತೆಗೆ ಮೊಟ್ಟೆಯೂ ಮಾಂಸವೂ ಧಾರಾಳವಾಗಿ ಇದ್ದವೆಂಬುದನ್ನು ಮರೆಮಾಚಿ ಬರೆಯುವುದು ಸಲ್ಲದು. ಇತ್ತೀಚಿನ ವರ್ಷಗಳಲ್ಲಿ ಸಸ್ಯಾಹಾರಿಗಳಿಗೆ ಬೇರೆಯಾಗಿ ಮಾಡಿ ಬಡಿಸುವ ಪದ್ಧತಿ ಬಂದಿದೆ. ಅಲ್ಲಿ ನೆಲಸಿದ ನಮ್ಮವರ ಮಕ್ಕಳು ಇಂಥ ದಳಗಳನ್ನು ಸೇರುವ ಪ್ರಸಂಗ ಬಂದರೆ ಅಷ್ಟರಮಟ್ಟಿಗೆ ಅನುಕೂಲವೇ ಸರಿ, ರಾತ್ರಿಯ ಊಟದ ತೊಡಕು ಮಾತ್ರ ಉಳಿಯುತ್ತದೆ. ಇಷ್ಟೆಲ್ಲದರ ನಡುವೆ ಎಂದೂ ತಪ್ಪದ, ಯಾರೂ ಬೇಡವೆನ್ನದ ವಸ್ತುವೊಂದಿತ್ತು. ಬಿಳಿಯ ಬ್ರೆಡ್ಡಿಗೆ ಶೇಂಗಾ ಬೆಣ್ಣೆಯನ್ನೂ ಹಣ್ಣಿನ ಜಾಮನ್ನೂ ಸವರಿದ ಸ್ಯಾಂಡ್‌ವಿಚ್. ಬಡಿಸಿದ ಅಡುಗೆ ಸೇರದಿದ್ದರೆ ಅದು. ಅಡುಗೆ ಸಾಲದೆ ಹೋದರೆ ಅದು. ಟ್ರಕ್ಕು ದಾರಿಯಲ್ಲಿ ಕೆಟ್ಟು ನಿಂತ ದಿನ ಮೂರು ಹೊತ್ತೂ ಅದು.

ಈಗ ಆ ನೆನಪುಗಳ ಸ್ವಭಾವವನ್ನು ಗಮನಿಸಬೇಕು. ಸಾಮಾನ್ಯವಾಗಿ ಭೋಜನಪ್ರಿಯನು ಊಟವನ್ನು ನೆನೆಯುವಾಗ ಪದಾರ್ಥದಿಂದ ಆರಂಭಿಸುತ್ತಾನೆ. ತುಪ್ಪ ಎಂಥದು, ಒಗ್ಗರಣೆ ಎಂಥದು, ಹದ ಎಂಥದು ಎಂಬುದೇ ಅವನಿಗೆ ಮುಖ್ಯ. ದಳದವರ ನೆನಪುಗಳಲ್ಲಿ ಪದಾರ್ಥಕ್ಕೆ ಹೆಸರಿದೆ, ವರ್ಣನೆಯಿಲ್ಲ. ವರ್ಣನೆಯಿರುವುದು ಬೇರೆಯವಕ್ಕೆ. ಟ್ರಕ್ಕಿನ ನೆರಳು ಯಾವ ಕಡೆಗೆ ಬಿದ್ದಿತ್ತು. ಡಾಂಬರಿನ ಮೇಲೆ ಕುಳಿತಾಗ ನೆಲ ಎಷ್ಟು ಸುಡುತ್ತಿತ್ತು. ಸಾಲಿನಲ್ಲಿ ಮುಂದೆ ಯಾರು, ಹಿಂದೆ ಯಾರು. ಎರಡನೆಯ ಸಲ ಬಡಿಸಿಕೊಳ್ಳಬಹುದೆಂಬ ಕೂಗು ಕೇಳಿದಾಗ ಯಾರು ಮೊದಲು ಓಡಿದರು. ಕೆಲವು ದಳಗಳಲ್ಲಿ ಆ ವರ್ಷ ವಯಸ್ಸಿನ ಮಿತಿ ಮುಗಿಯುವವರಿಗೆ ಸಾಲಿನಲ್ಲಿ ಮೊದಲ ಸ್ಥಾನ, ಹೊಸಬರು ಕೊನೆಗೆ. ಎಷ್ಟೋ ಕಡೆ ಸದಸ್ಯರೆಲ್ಲ ಉಂಡ ಮೇಲೆಯೇ ಶಿಕ್ಷಕರು ಉಣ್ಣಬೇಕು, ಅವರಾದ ಮೇಲೆ ಅಡುಗೆಯವರು. ಬೇಸಿಗೆಯೆಲ್ಲ ಸಾಲಿನ ತುದಿಯಲ್ಲಿ ನಿಂತ ಹುಡುಗ ನಾಲ್ಕೈದು ವರ್ಷಗಳ ಮೇಲೆ ಸಾಲಿನ ತಲೆಗೆ ಬಂದಾಗ, ಅದು ತನ್ನ ಕೊನೆಯ ಬೇಸಿಗೆಯೆಂಬುದು ಅವನಿಗೆ ತಟ್ಟನೆ ನೆನಪಾಗುವ ಹಾಗೆ ಆ ಏರ್ಪಾಡು ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಅವರು ನೆನೆಯುವುದು ನಾಲ್ಕನೆಯ ಊಟವನ್ನು. ಪ್ರದರ್ಶನ ಮುಗಿದಿದೆ, ರಾತ್ರಿ ಹನ್ನೊಂದಾಗಿದೆ, ಬೆವರಿನಿಂದ ತೊಯ್ದ ಸಮವಸ್ತ್ರವನ್ನು ಮಡಿಸಿಟ್ಟು ಕತ್ತಲೆಯಲ್ಲಿ ವಾಹನಗಳ ನಿಲುಗಡೆಯ ಮೂಲೆಗೆ ಬಂದರೆ ಟ್ರಕ್ಕಿನ ಕಿಟಕಿಯಲ್ಲಿ ಒಂದು ದೀಪ. ಸೂರ್ಯಾಸ್ತಕ್ಕೆ ಮೊದಲೇ ಅಡುಗೆಮನೆಯ ಕೆಲಸ ಮುಗಿಸುವ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಈ ಚಿತ್ರ ಹಿತವೆನಿಸದು, ಅನುಕರಣೀಯವಂತೂ ಅಲ್ಲ. ಆದರೆ ವಿವೇಚನೆಗೆ ಕುಳಿತವನು ತನಗೆ ಹಿತವಾದುದನ್ನಷ್ಟೇ ನೋಡಿದರೆ ಸಾಲದು. ಆ ದೀಪದ ಕೆಳಗೆ ನಿಂತವರು ಅಂದು ಬೆಳಗಿನಿಂದ ಅಲ್ಲಿಯೇ ನಿಂತಿದ್ದರೆಂಬುದನ್ನು ಆ ಹುಡುಗರು ಕಂಡಿದ್ದರು. ಅವರ ನೆನಪಿನಲ್ಲಿ ಉಳಿದದ್ದು ಬಟ್ಟಲಿನೊಳಗಿದ್ದ ಸೂಪಿಗಿಂತ ಹೆಚ್ಚಾಗಿ ಬಟ್ಟಲನ್ನು ಚಾಚಿದ ಕೈ.

ಇದಕ್ಕೆ ಸಮಾಧಾನ ಸುಲಭವೆಂದು ಕೆಲವರು ಹೇಳಬಹುದು. ಹಸಿವು ರುಚಿಯನ್ನರಿಯದು, ನಿದ್ದೆ ಸುಖವನ್ನರಿಯದು ಎಂಬ ಗಾದೆ ನಮ್ಮಲ್ಲಿಲ್ಲವೇ? ಹನ್ನೆರಡು ಗಂಟೆ ದುಡಿದವನಿಗೆ ಒಣ ಬ್ರೆಡ್ಡೂ ಪರಮಾನ್ನವಾಗುತ್ತದೆ, ಅದರಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ, ಎಂದು. ಈ ಸಮಾಧಾನ ನನಗೆ ಸಾಲದೆಂದು ತೋರುತ್ತದೆ. ಹಸಿವೊಂದೇ ನೆನಪನ್ನು ಇಷ್ಟು ತಿಳಿಯಾಗಿಸುವುದಾದರೆ ಹಸಿದವರೆಲ್ಲರ ನೆನಪೂ ಹೀಗೆಯೇ ಇರಬೇಕಾಗಿತ್ತು. ಹಾಗಿಲ್ಲವೆಂಬುದಕ್ಕೆ ಅದೇ ದೇಶದಲ್ಲಿ ನಡೆದ ಒಂದು ಪ್ರಯೋಗವೇ ಸಾಕ್ಷಿ. ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ, ೧೯೪೪ರ ನವೆಂಬರ್‌ನಿಂದ ೧೯೪೫ರ ಕೊನೆಯವರೆಗೆ, ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ಶರೀರವಿಜ್ಞಾನಿ ೩೬ ಮಂದಿ ತರುಣರನ್ನು ಅರೆಹೊಟ್ಟೆಯಲ್ಲಿ ಇರಿಸಿ ಪರೀಕ್ಷಿಸಿದರು. ಆ ತರುಣರು ಹಿಂಸೆಗೆ ಒಪ್ಪದೆ ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿದವರು. ಯುದ್ಧದಿಂದ ಬರಗೆಟ್ಟ ನಾಡುಗಳ ಜನರಿಗೆ ಹೇಗೆ ಆಹಾರ ಕೊಟ್ಟು ಚೇತರಿಸಬೇಕೆಂಬುದು ತಿಳಿಯಲೆಂದು ಸ್ವಂತ ಇಚ್ಛೆಯಿಂದ ಮುಂದೆ ಬಂದವರು. ಉದ್ದೇಶ ಇದಕ್ಕಿಂತ ನಿರ್ಮಲವಾಗಿರುವುದು ಕಷ್ಟ. ಆದರೂ ಇಪ್ಪತ್ತನಾಲ್ಕು ವಾರಗಳ ಅರೆಹೊಟ್ಟೆಯ ಕಾಲದಲ್ಲಿ ಅವರ ಚಿತ್ತ ಆಹಾರದ ಹೊರತು ಬೇರೊಂದರಲ್ಲಿ ನಿಲ್ಲದಾಯಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ತಟ್ಟೆಯಲ್ಲಿದ್ದ ಅಲ್ಪವನ್ನು ಗಂಟೆಗಟ್ಟಲೆ ಹೊಂದಿಸಿ ಕಲಸಿ ಉಂಡರು. ಕನಸೂ ಅದೇ, ಮಾತೂ ಅದೇ. ಭಕ್ತಕಥೆಯೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯದು.

ಹೀಗೆ ಹಸಿವು ಎರಡೂ ಕಡೆ ಇದ್ದಿತು. ನೆನಪು ಮಾತ್ರ ಎರಡು ದಾರಿ ಹಿಡಿಯಿತು. ಮಿನೆಸೋಟದಲ್ಲಿ ಊಟವೆಂಬುದು ಅಳೆದು ತೂಗಿದ ಪ್ರಮಾಣ. ವಾರದ ತೂಕ ಇಳಿಯಬೇಕಾದಷ್ಟು ಇಳಿಯದಿದ್ದರೆ ಮುಂದಿನ ವಾರ ಬ್ರೆಡ್ಡಿನ ಹೋಳು ಕಡಿಮೆ. ಅದರಲ್ಲಿ ಕ್ರೌರ್ಯವೇನೂ ಇರಲಿಲ್ಲ, ಪ್ರಯೋಗದ ನಿಯಮವಿತ್ತು. ಆದರೆ ಒಬ್ಬರು ಇನ್ನೊಬ್ಬರಿಗೆ ಹೆಚ್ಚಾಗಿ ಕೊಡುವುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಟ್ರಕ್ಕಿನ ಕಿಟಕಿಯಲ್ಲಿ ‘ಇನ್ನಷ್ಟು ಬೇಕೆ’ ಎಂದು ಕೇಳುವವರಿದ್ದರು. ಉಪವಾಸದ ದಿನ ಮನಸ್ಸು ಪಾರಣೆಯ ಕಡೆಗೆ ಹರಿಯುವವರು ಈ ಭೇದವನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ವ್ರತ ಹಿಡಿದವರಿಗೆ ಹಿಂದಿನ ದಿನ ಯಾರು ಆದರದಿಂದ ಬಡಿಸಿದರು, ನಾಳೆ ಯಾರು ಕಾದು ಕುಳಿತಿರುತ್ತಾರೆ ಎಂಬ ನೆನಪು ಬಂದಾಗ ಮನಸ್ಸು ಶಾಂತವಾಗುತ್ತದೆ. ಏನು ಬಡಿಸುತ್ತಾರೆ ಎಂಬ ಚಿಂತೆ ಹೊಕ್ಕಾಗ ಗಡಿಯಾರದ ಮುಳ್ಳು ನಿಂತುಹೋಗುತ್ತದೆ.

ದಾನದ ಫಲದಲ್ಲಿ ತಾರತಮ್ಯ ಬರುವುದು ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ಎಂದು ಸೂತ್ರಕಾರರು ಹೇಳುತ್ತಾರೆ. ಮುನಿಗಳಿಗೆ ಕೊಡುವ ಆಹಾರದಾನದ ಮಾತನ್ನು ಈ ಟ್ರಕ್ಕಿನ ಬಳಿಗೆ ಎಳೆತರುವುದು ಅನುಚಿತ. ಇಲ್ಲಿ ನಡೆಯುತ್ತಿದ್ದುದು ಮನೆಯ ಮಕ್ಕಳಿಗೆ ಬಡಿಸುವುದಕ್ಕೆ ಹತ್ತಿರವಾದ ಕೆಲಸ. ಆದರೂ ಆ ವಿಭಾಗ ಒಂದು ಅಳತೆಗೋಲಾಗಿ ಒದಗುತ್ತದೆ. ದ್ರವ್ಯದ ದೃಷ್ಟಿಯಿಂದ ಆ ಊಟ ಬಹಳ ಕೆಳಗಿನದು. ಅದರ ಹಣ ಬಂದ ದಾರಿಯೂ ಕೆಲವೆಡೆ ನಿರ್ದುಷ್ಟವಲ್ಲ. ಹಲವು ದಳಗಳು ‘ಬಿಂಗೊ’ ಎಂಬ ಅಂಕೆಗಳ ಜೂಜಾಟವನ್ನು ಸಾರ್ವಜನಿಕರಿಗೆ ನಡೆಸಿ ಅದರ ಲಾಭದಿಂದ ಬಸ್ಸು ಓಡಿಸಿದವು, ಬ್ರೆಡ್ಡು ಕೊಂಡವು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸುವ ನಮಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುವ ಸಂಗತಿ. ಈಗೀಗ ಸದಸ್ಯರೇ ಒಂದು ಬೇಸಿಗೆಗೆ ಹಲವು ಸಾವಿರ ಡಾಲರ್ ಶುಲ್ಕ ತೆರಬೇಕಾಗಿದೆ; ಬಡವರ ಮಕ್ಕಳಿಗೆ ದಳದ ಬಾಗಿಲು ಕಿರಿದಾಗಿರುವುದು ಇನ್ನೊಂದು ಬಗೆಯ ದೋಷ. ಶುಲ್ಕ ತೆತ್ತ ಮೇಲೆ ಅದು ದಾನ ಹೇಗಾದೀತೆಂದು ಕೇಳುವವರಿಗೆ ಇಷ್ಟೇ ಉತ್ತರ. ಶುಲ್ಕದಿಂದ ದೊರೆತದ್ದು ಹಿಟ್ಟು, ಹಾಲು, ಇಂಧನ. ನಡುರಾತ್ರಿಯವರೆಗೆ ನಿಂತ ಕಾಲುಗಳಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಮನೆಯಲ್ಲಿ ಯಜಮಾನನು ದವಸ ತಂದುಹಾಕಿದ ಮಾತ್ರಕ್ಕೆ ಗೃಹಿಣಿಯ ದುಡಿಮೆಯ ಋಣ ತೀರಿತೆಂದು ಯಾರಾದರೂ ಹೇಳಿಯಾರೆ? (ಹೇಳುವವರು ಇದ್ದಾರೆ, ಅವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.) ದಾತೃವಿನ ವಿಷಯದಲ್ಲಿ ಮಾತ್ರ ಆ ಊಟಕ್ಕೆ ಕೊರತೆಯಿರಲಿಲ್ಲ. ದಾತೃವನ್ನು ಕಂಡವನ ನೆನಪಿನಲ್ಲಿ ದ್ರವ್ಯ ಹಿಂದೆ ಸರಿದು ನಿಲ್ಲುತ್ತದೆ.

ಅವರ ನೆನಪುಗಳೆಲ್ಲ ಹೀಗೆಯೇ ಶುದ್ಧವೆಂದು ನಾನು ಹೇಳುತ್ತಿಲ್ಲ. ಪ್ರವಾಸದ ನಡುವೆ ಅಪರೂಪಕ್ಕೆ ಒಂದು ಬಿಡುವಿನ ದಿನ ಬರುತ್ತದೆ. ಬಟ್ಟೆ ಒಗೆದುಕೊಂಡು, ಕೈಯಲ್ಲಿದ್ದ ಹಣದಿಂದ, ಒಮ್ಮೆ ಹಣ ತೆತ್ತರೆ ಬೇಕಾದಷ್ಟು ಬಡಿಸಿಕೊಳ್ಳಬಹುದಾದ ಹೋಟೆಲುಗಳಿಗೆ ನುಗ್ಗುವುದು ವಾಡಿಕೆ. ಆ ದಿನಗಳ ಕಥೆಗಳಲ್ಲಿ ಬರುವುದು ಬರಿಯ ಲೆಕ್ಕ. ಯಾರು ಎಷ್ಟು ತಟ್ಟೆ ಉಂಡರು, ಹೋಟೆಲಿನವನ ಮುಖ ಹೇಗಾಯಿತು, ಇಷ್ಟೇ. ಬಡಿಸಿದವರಾರೂ ಅಲ್ಲಿಲ್ಲ. ಸುಖಾನುಬಂಧವೆಂಬುದು ಇದಕ್ಕೆ ಒಪ್ಪುವ ಹೆಸರು. ಇದೂ ಕ್ಷಮಾರ್ಹವೇ, ಎಳೆಯ ವಯಸ್ಸು.

ಇದಕ್ಕಿಂತ ಕಠಿನವಾದ ದೋಷ ಬೇರೊಂದಿದೆ. ಅದು ಕಷ್ಟದ ನೆನಪಿನಲ್ಲಿಯೇ ಅಡಗಿದೆ. ‘ನಾವು ಉಂಡ ಊಟವನ್ನು ಇಂದಿನವರು ಮೂಸಿಯೂ ನೋಡಲಾರರು; ನಮ್ಮ ಕಾಲದಲ್ಲಿ ಟ್ರಕ್ಕೆಲ್ಲಿತ್ತು, ಬೆಚ್ಚನೆಯ ಊಟವೆಲ್ಲಿತ್ತು’ ಎಂಬ ಮಾತು ಹಳಬರಲ್ಲಿ ಹುಟ್ಟಿದಾಗ ಒಣ ಬ್ರೆಡ್ಡು ಒಂದು ಪದಕವಾಗಿ ಎದೆಯ ಮೇಲೆ ತೂಗಾಡತೊಡಗುತ್ತದೆ. ರುಚಿಯ ಆಸೆ ಹೋದ ಕಡೆ ಮಾನಕಷಾಯ ಬಂದು ಕುಳಿತಿತು. ಈ ಸ್ಥಳಕ್ಕೆ ಬಂದಾಗ ನಾವು ಆ ದೂರದೇಶದವರನ್ನು ನೋಡಿ ನಗುವಂತಿಲ್ಲ. ದಶಲಕ್ಷಣ ಪರ್ವದಲ್ಲಿ ಎಷ್ಟು ಉಪವಾಸ ಮಾಡಿದೆನೆಂದು, ಎಷ್ಟು ವರ್ಷದಿಂದ ಉಪ್ಪು ಬಿಟ್ಟಿರುವೆನೆಂದು, ಕೇಳದವರಿಗೂ ಹೇಳುವ ನಾಲಿಗೆಯೂ ನಾಲಿಗೆಯೇ. ಹೋಳಿಗೆಯನ್ನು ನೆನೆದು ಚಪ್ಪರಿಸುವವನಿಗೂ ತಾನು ಬಿಟ್ಟ ಹೋಳಿಗೆಯನ್ನು ನೆನೆದು ಬೀಗುವವನಿಗೂ ಎಷ್ಟು ಅಂತರ? ಮೊದಲನೆಯವನು ತನ್ನ ದೌರ್ಬಲ್ಯವನ್ನು ಬಲ್ಲನು. ಎರಡನೆಯವನು ಅದನ್ನು ತಪಸ್ಸೆಂದು ತಿಳಿದಿದ್ದಾನೆ. ಆತನಿಗೆ ಹೇಳುವುದು ಹೆಚ್ಚು ಕಷ್ಟ.

ಇನ್ನು ಮಿತ್ರಾನುರಾಗದ ಪ್ರಶ್ನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಅತಿಚಾರವನ್ನು ವಿವರಿಸುವಾಗ ಕೊಡುವ ನಿದರ್ಶನ ಮನಮುಟ್ಟುವಂಥದು. ಹಿಂದಿನ ಗೆಳೆಯರೊಡನೆ ಧೂಳಿನಲ್ಲಿ ಆಡಿದುದೇ ಮೊದಲಾದವನ್ನು ನೆನೆಯುವುದು ಮಿತ್ರಾನುರಾಗವೆನ್ನುತ್ತಾರೆ. ನಮ್ಮ ನಾಡಿನಲ್ಲಿಯೇ ಬಾಳಿದ ಆ ಆಚಾರ್ಯರು ಭೋಗವನ್ನೋ ವೈಭವವನ್ನೋ ಉದಾಹರಿಸದೆ ಮಕ್ಕಳ ಮಣ್ಣಾಟವನ್ನು ಹೇಳಿದರು. ಅತ್ಯಂತ ನಿರ್ದೋಷವೆಂದು ನಾವು ಎಣಿಸುವ ನೆನಪೇ ಕೊನೆಯ ಗಳಿಗೆಯಲ್ಲಿ ಅತ್ಯಂತ ಬಿಗಿಯಾಗಿ ಹಿಡಿಯುತ್ತದೆಂಬುದನ್ನು ಅವರು ಅರಿತಿದ್ದರು. ಆ ದಳದವರ ನೆನಪೂ ಒಂದರ್ಥದಲ್ಲಿ ಧೂಳಿನಲ್ಲಿ ಆಡಿದವರ ನೆನಪೇ. ಹಾಗಾದರೆ ನಾನು ಇಷ್ಟು ಹೊತ್ತು ಕೃತಜ್ಞತೆಯೆಂದು ಎತ್ತಿಹಿಡಿದುದು ಬಂಧವೇ ಆಯಿತಲ್ಲ?

ಆಯಿತು ಎಂದೇ ಹೇಳಬೇಕು. ಆಗಮದ ಮಾತನ್ನು ನಮ್ಮ ಅನುಕೂಲಕ್ಕೆ ತಿರುಚುವಂತಿಲ್ಲ. ಆದರೆ ಆ ಮಾತು ಯಾವ ಸ್ಥಾನದಲ್ಲಿ ಬಂದಿದೆ ಎಂಬುದನ್ನು ನೋಡಬೇಕು. ಅದು ಸಲ್ಲೇಖನೆಯ ವ್ರತ ತೊಟ್ಟವನಿಗೆ ಹೇಳಿದ ಎಚ್ಚರಿಕೆ. ಇಳಿಸಬೇಕಾದುದೆಲ್ಲವನ್ನೂ ಇಳಿಸುವ ಕಾಲದ ಮಾತು. ಅದೇ ಅಧ್ಯಾಯದಲ್ಲಿ ಅದರ ಮರುಸೂತ್ರವೇ ದಾನದ ಲಕ್ಷಣವನ್ನು ಹೇಳುತ್ತದೆ. ನಡುವಯಸ್ಸಿನ ಗೃಹಸ್ಥನು, ಇನ್ನೂ ಉಣ್ಣುವ, ಉಣಿಸುವ ಭಾರ ಹೊತ್ತವನು, ತನಗೆ ಉಣಬಡಿಸಿದವರನ್ನು ಮರೆತರೆ ಅವನು ವೈರಾಗ್ಯವನ್ನು ಪಡೆದಂತಾಗುವುದಿಲ್ಲ. ಕೃತಘ್ನತೆಯನ್ನು ವೈರಾಗ್ಯದ ಹೆಸರಿನಲ್ಲಿ ಕರೆದಂತಾಗುತ್ತದೆ, ಅಷ್ಟೆ. ಹೊರೆಯನ್ನು ಇಳಿಸುವ ಮೊದಲು ಅದನ್ನು ಹೊತ್ತು ನಡೆಯುವ ದಾರಿಯೊಂದಿದೆ.

ಆ ದಾರಿಯಲ್ಲಿ ನೆನಪು ಯಾವ ದಿಕ್ಕಿಗೆ ನಡೆಸುತ್ತದೆ ಎಂಬುದನ್ನು ನೋಡಿಯೇ ಅದರ ಜಾತಿಯನ್ನು ಗುರುತಿಸಬೇಕೆಂದು ನನ್ನ ಅಭಿಪ್ರಾಯ. ಉಂಡ ಊಟದ ನೆನಪಾದಾಗ ಮತ್ತೆ ಅದನ್ನು ಉಣ್ಣಬೇಕೆನಿಸಿದರೆ ಒಂದು. ಯಾರಿಗಾದರೂ ಉಣಬಡಿಸಬೇಕೆನಿಸಿದರೆ ಮತ್ತೊಂದು. ಶೇಂಗಾ ಬೆಣ್ಣೆಯ ಸ್ಯಾಂಡ್‌ವಿಚ್ಚನ್ನು ಮನೆಯಲ್ಲಿ ಮಾಡಿ ತಿಂದು ‘ಅಂದಿನ ರುಚಿ ಬರಲಿಲ್ಲ’ ಎಂದು ನಿರಾಶರಾಗುವವರೂ ಆ ಹಳಬರಲ್ಲಿ ಇರಬಹುದು. ಬರುವುದೆಂತು? ಆ ರುಚಿ ಬ್ರೆಡ್ಡಿನಲ್ಲಿ ಇರಲೇ ಇಲ್ಲ. ಆದರೆ ಅಡುಗೆ ಟ್ರಕ್ಕಿಗೆ ಪ್ರತಿವರ್ಷ ಬಂದು ಸೇರುವವರಲ್ಲಿ ಹಳೆಯ ಸದಸ್ಯರೂ ಇದ್ದಾರೆಂಬುದನ್ನು ಮೇಲೆ ಹೇಳಿದೆನಷ್ಟೆ. ಅವರಿಗೆ ಮತ್ತೆ ತುತೂರಿ ಊದುವ ಅವಕಾಶವಿಲ್ಲ. ವಯಸ್ಸಿನ ಕಟ್ಟಳೆ ಆ ಬಾಗಿಲನ್ನು ಮುಚ್ಚಿದೆ. ಗೆಳೆಯರೂ ಈಗ ಅಲ್ಲಿಲ್ಲ; ಸಾಲಿನಲ್ಲಿ ನಿಂತಿರುವವರು ಹೆಸರೂ ತಿಳಿಯದ ಹೊಸ ಮಕ್ಕಳು. ಅವರು ಅಂದು ಉಂಡ ಊಟ ಈಗ ಅವರಿಂದ ಇನ್ನೊಬ್ಬರಿಗೆ ಸಲ್ಲುತ್ತಿದೆ. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ಕಾರಣದಿಂದ ಪ್ರವಾಸವೂ ಸ್ಪರ್ಧೆಯೂ ರದ್ದಾದವು. ಪ್ರವಾಸ ಮತ್ತೆ ಆರಂಭವಾದಾಗ ಟ್ರಕ್ಕುಗಳೂ ಹೊರಟವು, ಅವುಗಳೊಡನೆ ಇವರೂ ಹೊರಟರು.

ರಾತ್ರಿಯ ನಾಲ್ಕನೆಯ ಊಟ ಮುಗಿದ ಮೇಲೆ ಬಸ್ಸುಗಳಲ್ಲಿ ದೀಪ ಆರುತ್ತದೆ; ಹುಡುಗರು ಕುಳಿತಲ್ಲಿಯೇ ಒರಗುತ್ತಾರೆ. ಟ್ರಕ್ಕಿನಲ್ಲಿ ಆಗ ದೊಡ್ಡ ಪಾತ್ರೆಗಳನ್ನು ತಿಕ್ಕುವ ಕೆಲಸ ನಡೆದಿರುತ್ತದೆ. ಅದು ಮುಗಿದು, ಒಲೆಗಳನ್ನು ಆರಿಸಿ, ಪಾತ್ರೆಗಳು ದಾರಿಯಲ್ಲಿ ಉರುಳದಂತೆ ಬಿಗಿದು ಕಟ್ಟಿ, ಬಡಿಸುವ ಕಿಟಕಿಯ ಬಾಗಿಲನ್ನು ಇಳಿಸಿದ ಮೇಲೆ ಅಡುಗೆಯವರಿಗೆ ಪ್ರಯಾಣ. ಮುಂದಿನ ಊರಿನಲ್ಲಿ ಮಕ್ಕಳು ವ್ಯಾಯಾಮಶಾಲೆಯ ನೆಲದ ಮೇಲೆ ಇನ್ನೂ ಮಲಗಿರುವಾಗಲೇ ಇವರು ಎದ್ದು ನೀರು ಕಾಯಿಸಲು ಇಡುತ್ತಾರೆ.